ಅವ್ವಣ್ಣ ಕಾಕಾನ ನಲವತ್ತೈದು ಸೆಕೆಂಡು

ಬ್ಯಾಂಕಿಗೆ ಫೋನ್ ಮಾಡಿದರೆ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎಂದು ಯಂತ್ರ ಹೇಳುತ್ತದಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಯಾಕೆಂದರೆ ನಾನು ಅವ್ವಣ್ಣ ಕಾಕಾನ ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷ ಕೂತವಳು. ಪುಣೆಯ ಯೆರವಡಾದಲ್ಲಿದ್ದ ನಮ್ಮ ಪಂಪ್ ಕಂಪನಿಗೆ ಯಾರೇ ಫೋನ್ ಮಾಡಲಿ, ಮೊದಲು ಕೇಳಿಸುತ್ತಿದ್ದದ್ದು ಕಾಕಾನ ಧ್ವನಿ. ‘ನಮಸ್ಕಾರ’ ಎನ್ನುವಷ್ಟರಲ್ಲಿ ಆ ಕಡೆಯವರು ಯಾರು, ಯಾವ ಊರಿನವರು, ಪಂಪ್ ಕೆಟ್ಟಿದೆಯೋ ತಲೆ ಕೆಟ್ಟಿದೆಯೋ ಎಲ್ಲ ಅವರಿಗೆ ಗೊತ್ತಾಗಿಬಿಡುತ್ತಿತ್ತು. ನಾನು ಪಾರ್ಸೆಲ್ ಕಳಿಸುವ ವಿಭಾಗದ ಕ್ಲಾರ್ಕು. ಇಡೀ ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ ಎಂದು ತಿಳಿದಿದ್ದೆವು. ಹಾಗಾಗಿ ಸಾಹೇಬರುಗಳನ್ನು ಅವರೆದುರಿಗೇ ಬೈಯುವ ಅನುಕೂಲ ನಮಗಿತ್ತು.

ಕಾಕಾ ಇಂಡಿ ತಾಲ್ಲೂಕಿನವರು. ನಾಲ್ಕನೆಯ ವರ್ಷದಲ್ಲಿ ಸಿಡುಬು ಬಂದು ಕಣ್ಣು ಹೋದವು. ಅಂಧರ ಶಾಲೆಯಲ್ಲಿ ಬೆತ್ತದ ಕುರ್ಚಿ ಹೆಣೆಯಲು ಕಲಿಸಿದರು. ಕಣ್ಣಿಲ್ಲದವರ ಹಣೆಯಲ್ಲಿ ಕುರ್ಚಿ ಹೆಣೆಯುವುದನ್ನೇ ಬರೆದಿರುತ್ತದೆ ಎಂದು ಕಣ್ಣಿದ್ದವರೆಲ್ಲ ಸೇರಿ ತೀರ್ಮಾನಿಸಿದ್ದ ಕಾಲ ಅದು. ಕಾಕಾ ಒಪ್ಪಲಿಲ್ಲ. ‘ಮಂದಿ ಕೂಡೋ ಕುರ್ಚಿ ತಗೊಂಡು ನಾ ಏನ್ ಮಾಡ್ಲಿ? ನನಗ ಮಂದಿ ಮಾತು ಬೇಕು’ ಎಂದು ಹಟ ಹಿಡಿದು, ಮುಂಬಯಿಗೆ ಹೋಗಿ ಟೆಲಿಫೋನ್ ಆಪರೇಟರ್ ತರಬೇತಿ ಮುಗಿಸಿ, ೧೯೯೨ರಲ್ಲಿ ಪುಣೆಗೆ ಬಂದರು. ಮನೆ ದೇಹೂ ರೋಡಿನಲ್ಲಿ. ದಿನಾ ಲೋಕಲ್ ಟ್ರೇನು, ಆಮೇಲೆ ಬಸ್ಸು. ಶನಿವಾರ ಸಂಜೆ ಮಾತ್ರ ಯಾರು ಕರೆದರೂ ಸಿಗುತ್ತಿರಲಿಲ್ಲ, ಅಲ್ಲಿಯ ಭಜನಾ ಮಂಡಳಿಯಲ್ಲಿ ತಾಳ ಹಾಕುವವರು ಅವರು. ಹಾಡುವವರು ದಾರಿ ತಪ್ಪಿದರೂ ಅವ್ವಣ್ಣನ ತಾಳ ತಪ್ಪುವುದಿಲ್ಲ ಎಂದು ಅವರಿಗೆ ಹೆಸರಿತ್ತು.

ಹೆಂಡತಿ ಕಲ್ಲವ್ವ ಕಾಕು. ಇವರು ಎಷ್ಟು ಮಾತೋ ಅವರು ಅಷ್ಟೇ ಮೌನ. ಮಾತಾಡಿದರೂ ಎಷ್ಟು ಮೆತ್ತಗೆ ಎಂದರೆ ಬಾಗಿಲಿಗೆ ಬಂದ ತರಕಾರಿಯವನು ಮೂರು ಸಲ ಮರಾಠಿಯಲ್ಲಿ ‘ಕಾಯ್? ಕಾಯ್?’, ಅಂದರೆ ಏನು ಏನು ಎಂದು ಕೇಳಿ, ಬೇಸತ್ತು, ತನಗೆ ತೋಚಿದ್ದನ್ನು ತೂಗಿ ಕೊಟ್ಟು ಹೋಗುತ್ತಿದ್ದ.

೨೦೦೪ರಲ್ಲಿ ನಮ್ಮ ಕಂಪನಿಗೆ ಆಧುನಿಕರಾಗುವ ಹುಚ್ಚು ಹತ್ತಿತು. ಕಾಕಾ ಹನ್ನೆರಡು ವರ್ಷ ಬೆರಳಲ್ಲೇ ಓದುತ್ತಿದ್ದ ಹಳೆಯ ಟೆಲಿಫೋನ್ ಬೋರ್ಡನ್ನು ಕಿತ್ತು ಕಂಪ್ಯೂಟರ್ ಕೂರಿಸಿದರು. ಇನ್ನು ಮುಂದೆ ಫೋನೆಲ್ಲ ಅದರೊಳಗಿಂದಲೇ. ಯಾರನ್ನಾದರೂ ‘ಸ್ವಲ್ಪ ತಡೀರಿ’ ಎಂದು ಹೋಲ್ಡಿನಲ್ಲಿ ಇಟ್ಟರೆ ಅವರಿಗೊಂದು ಟ್ಯೂನು ಕೇಳಿಸುತ್ತದೆ. ಅರವತ್ತು ಸೆಕೆಂಡಿನೊಳಗೆ ತಿರುಗಿ ಮಾತಾಡಿಸದಿದ್ದರೆ ಲೈನು ತಾನಾಗಿಯೇ ಕಡಿದುಹೋಗುತ್ತದೆ. ಅದಕ್ಕಿಂತ ಹದಿನೈದು ಸೆಕೆಂಡು ಮೊದಲು, ಅಂದರೆ ನಲವತ್ತೈದಕ್ಕೆ, ತೆರೆಯ ಮೇಲೆ ಆ ನಂಬರು ಕೆಂಪಗಾಗುತ್ತದೆ. ಕೆಂಪಗಾಗುತ್ತದಂತೆ! ಕಣ್ಣು ಕಾಣದ ಆಪರೇಟರ್ ಇರುವ ಆಫೀಸಿಗೆ ಇದನ್ನು ಆರಿಸಿ ತಂದ ಪುಣ್ಯಾತ್ಮ ನಮ್ಮ ಮ್ಯಾನೇಜರ್ ಪೆಂಡ್ಸೆ ಸಾಹೇಬ. ಅವರು ಕೆಟ್ಟವರಲ್ಲ, ಯೋಚನೆ ಮಾಡುವ ಅಭ್ಯಾಸ ಇಲ್ಲದವರು ಅಷ್ಟೇ. ಕಲಿಯಲು ಮೂರು ತಿಂಗಳು ಕೊಟ್ಟರು. ಆಮೇಲೆ ಮುಂಬಯಿಯ ಹೆಡ್ ಆಫೀಸಿನಿಂದ ಒಬ್ಬರು ಬಂದು ಇಪ್ಪತ್ತು ಫೋನ್ ಮಾಡಿಸಿ ಪರೀಕ್ಷೆ ನಡೆಸುತ್ತಾರೆ. ಒಂದು ಲೈನು ಕಡಿದರೂ ಕಾಕಾನನ್ನು ಪ್ಯಾಕಿಂಗ್ ಕೋಣೆಗೆ, ಡಬ್ಬಗಳಿಗೆ ಚೀಟಿ ಕಟ್ಟಲು ಕಳಿಸುತ್ತಾರೆ.

‘ಪಗಾರ ಅಷ್ಟೇ ಇರ್ತದ ಅಂತಾರ, ಇರ್ಲಿ’ ಎಂದರು ಕಾಕಾ. ‘ಆದ್ರ ರಂಜನಾ, ಅಲ್ಲಿ ನನ್ನ ಜೋಡಿ ಮಾತಾಡವ್ರು ಯಾರದಾರ? ಇಲ್ಲಿ ನಾ ಆಪರೇಟರ್. ಅಲ್ಲಿ ಹೋದ್ರ ಕುರುಡ ಆಗ್ತೀನವಾ.’

ಸದಾ ನಗಿಸುವ ಮನುಷ್ಯ ಹಾಗೆ ಅಂದದ್ದು ಕೇಳಿ ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ. ಆ ದಿನ ಪೆಂಡ್ಸೆ ಸಾಹೇಬರ ಮೂರು ಪಾರ್ಸೆಲ್ಲುಗಳನ್ನು ಬೇಕೆಂದೇ ತಡವಾಗಿ ಕಳಿಸಿದೆ.

ಕಾಕಾನ ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಎಂಬ ಸಾಫ್ಟ್‌ವೇರ್ ಇತ್ತು. ತೆರೆಯ ಮೇಲಿದ್ದದ್ದನ್ನು ಅದು ಓದಿ ಹೇಳುತ್ತದೆ. ಒಳಗೆ ಕೂತು ಓದುವವನು ಯಾವನೋ ಅಮೆರಿಕದವನು, ಮೂಗಿನಲ್ಲಿ ಮಾತಾಡುತ್ತಾನೆ. ಕಾಕಾ ಅವನನ್ನು ‘ಸಾಹೇಬ’ ಎನ್ನುತ್ತಿದ್ದರು. ಸಾಹೇಬ ಬಾಯಿ ಬಿಟ್ಟರೆ ಮುಚ್ಚುವ ಪೈಕಿಯಲ್ಲ. ಸುಮ್ಮನಾಗಿಸಬೇಕಾದರೆ ಕೀಬೋರ್ಡಿನ ಎಡ ಮೂಲೆಯ ಕಂಟ್ರೋಲ್ ಕೀ ಒತ್ತಬೇಕು. ಆದರೆ ಸಾಹೇಬನಿಗೆ ಅಕ್ಷರ ಕಾಣುತ್ತದೆ, ಬಣ್ಣ ಕಾಣುವುದಿಲ್ಲ. ನಂಬರು ಕೆಂಪಗಾದರೇನು, ಹಳದಿಯಾದರೇನು, ಅವನಿಗೆ ಎಲ್ಲ ಒಂದೇ.

ಸಾಹೇಬನಿಗೆ ನಾವೇ ಹೆಚ್ಚಿನ ಬುದ್ಧಿ ಬರೆದುಕೊಡಬಹುದು, ಅದಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ ಎಂದು ಕಾಕಾನಿಗೆ ಎಲ್ಲಿಂದಲೋ ತಿಳಿಯಿತು. ಮನೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಇಟ್ಟುಕೊಂಡು, ಅದರ ಇಂಗ್ಲಿಷ್ ಪಾಠವನ್ನು ಶ್ರಾವಣದಲ್ಲಿ ಪುರಾಣ ಕೇಳುವ ಹಾಗೆ ದಿನಕ್ಕೊಂದು ಅಧ್ಯಾಯ ಕೇಳಿದರು. ಒಂದು ತಿಂಗಳಿಗೆ ಬರೆಯಲು ಶುರುಮಾಡಿದರು. ಬೇಕಾದದ್ದು ಇಷ್ಟೇ: ಯಾರನ್ನಾದರೂ ಹೋಲ್ಡಿನಲ್ಲಿಟ್ಟ ಕೂಡಲೇ ಟೈಮರ್ ಶುರುವಾಗಬೇಕು, ನಲವತ್ತೈದು ಸೆಕೆಂಡಿಗೆ ಸಾಹೇಬ ‘ಹೋಲ್ಡ್’ ಎನ್ನಬೇಕು.

ಮೊದಲ ದಿನ ಲಾತೂರಿನವರೊಬ್ಬರನ್ನು ಹೋಲ್ಡಿನಲ್ಲಿಟ್ಟು ಕಾಕಾ ನೀರಿನ ಲೋಟಕ್ಕೆ ಕೈ ಚಾಚುವಷ್ಟರಲ್ಲಿ ಸಾಹೇಬ ‘ಹೋಲ್ಡ್!’ ಎಂದ. ಕಾಕಾ ಗಾಬರಿಯಾಗಿ ತಿರುಗಿ ಮಾತಾಡಿಸಿದರು. ಲಾತೂರಿನವರಿಗೆ ಭಾರೀ ಸಂತೋಷ, ಇಷ್ಟು ಬೇಗ ಯಾರೂ ಅವರನ್ನು ವಿಚಾರಿಸಿಕೊಂಡಿರಲಿಲ್ಲ. ಆಮೇಲೆ ತಿಳಿಯಿತು, ಆ ಟೈಮರ್ ಲೆಕ್ಕ ಹಿಡಿಯುವುದು ಸೆಕೆಂಡಿನಲ್ಲಲ್ಲ, ಸೆಕೆಂಡಿನ ಹತ್ತನೇ ಪಾಲಿನಲ್ಲಿ. ನಲವತ್ತೈದು ಎಂದರೆ ಅದಕ್ಕೆ ನಾಲ್ಕೂವರೆ ಸೆಕೆಂಡು. ಕಾಕಾ ಒಂದು ಸೊನ್ನೆ ಸೇರಿಸಿದರು.

ಮರುದಿನ ಇನ್ನೊಂದು. ಫೋನ್ ಪ್ರೋಗ್ರಾಮಿನಲ್ಲೇ ಇದ್ದರೆ ಟೈಮರ್ ಕೆಲಸ ಮಾಡುತ್ತದೆ, ನಂಬರ್ ಹುಡುಕಲು ಬೇರೆ ಪ್ರೋಗ್ರಾಮಿಗೆ ಹೋದರೆ ಮೂಕವಾಗುತ್ತದೆ. ಕಾಕಾ ಎರಡು ದಿನ ತಲೆ ಕೆರೆದುಕೊಂಡು ಕಾರಣ ಹಿಡಿದರು. ‘ಏನಾಗೇದ ಗೊತ್ತೇನು? ರೈಲಿನಾಗ, ದೌಂಡ ಸ್ಟೇಶನ್ ಬಂದ್ರ ಎಬ್ಸಪಾ ಅಂತ ಈ ಡಬ್ಬಿಯವಂಗ ಹೇಳಿ, ನಾ ಆ ಡಬ್ಬಿಗೆ ಹೋಗಿ ಮಲಕೊಂಡಂಗ ಆಗೇದ. ಪಾಪ, ಅಂವ ಎಬ್ಸಲಿಕ್ಕೆ ಬಂದ್ರ ನಾ ಅಲ್ಲಿ ಇಲ್ಲ!’ ಸ್ಕ್ರಿಪ್ಟನ್ನು ಎಲ್ಲ ಪ್ರೋಗ್ರಾಮಿಗೂ ಸಲ್ಲುವ ಕಡೆ ಎತ್ತಿಟ್ಟರು. ಮೂಕ ಮಾತಾಡಿದ.

ಇಷ್ಟಾದ ಮೇಲೆ ನಿಜವಾದ ಪೀಡೆ ಶುರುವಾಯಿತು. ಮನೆಯಲ್ಲಿ ನೂರು ಸಲ ನೋಡಿದರೆ ನೂರು ಸಲವೂ ಸಾಹೇಬ ‘ಹೋಲ್ಡ್’ ಎನ್ನುತ್ತಿದ್ದ. ಆಫೀಸಿನಲ್ಲಿ ಹತ್ತಕ್ಕೆ ಮೂರು ಸಲ. ಉಳಿದ ಏಳು ಸಲ ಉಸಿರೇ ಇಲ್ಲ. ಒಂದು ವಾರದಲ್ಲಿ ನಾಸಿಕ, ಸಾಂಗ್ಲಿ, ಬಾರಾಮತಿಗಳ ಲೈನು ಕಡಿದುಹೋದವು. ಬಾರಾಮತಿಯವರು ಮತ್ತೆ ಫೋನ್ ಮಾಡಿ ಬೈದ ಬೈಗುಳ ಕಾಕಾನ ಕಿವಿಯಿಂದ ಹೊರಗೆ ಬಂದು ನನ್ನ ಮೇಜಿನವರೆಗೂ ಕೇಳಿಸಿತು.

ಪೆಂಡ್ಸೆ ಸಾಹೇಬರು ವೋಲ್ಟೇಜ್ ಸರಿಯಿಲ್ಲ ಎಂದರು. ಅವರ ಪ್ರಕಾರ ಜಗತ್ತಿನ ಎಲ್ಲ ಕಷ್ಟಕ್ಕೂ ವೋಲ್ಟೇಜೇ ಕಾರಣ. ನಾನು ಅಮೆರಿಕದವನ ಸೊಕ್ಕು ಎಂದೆ. ಕಲ್ಲವ್ವ ಕಾಕು ಲಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಗಂಡನ ಕೈಯಲ್ಲಿ ಕಳಿಸಿದರು. ಅದನ್ನು ಮಾನಿಟರಿಗೆ ಕಟ್ಟಿದೆವು. ಆ ದಿನ ಸಾಹೇಬ ಹತ್ತಕ್ಕೆ ಎರಡು ಸಲ ಮಾತ್ರ ಮಾತಾಡಿದ.

ಕಾಕಾ ಮಾತ್ರ ದೃಷ್ಟಿಯನ್ನೂ ವೋಲ್ಟೇಜನ್ನೂ ನಂಬದೆ, ಟೈಮರ್ ಎದ್ದಾಗಲೆಲ್ಲ ಒಂದು ಫೈಲಿನಲ್ಲಿ ಗಂಟೆ ನಿಮಿಷ ಬರೆದಿಡುವಂತೆ ಸ್ಕ್ರಿಪ್ಟಿಗೆ ಹೇಳಿದರು. ಸಂಜೆ ಆ ಫೈಲು ಓದಿಸಿದರೆ, ಮೂವತ್ತೊಂದು ಹೋಲ್ಡಿಗೆ ಮೂವತ್ತೊಂದು ಸಲವೂ ಟೈಮರ್ ಸರಿಯಾಗಿ ನಲವತ್ತೈದಕ್ಕೇ ಎದ್ದಿತ್ತು.

‘ಅಂದ್ರ ಅಂವ ಪ್ರತಿ ಸಲ ಬಾಯಿ ತೆರೆದಾನ’ ಎಂದರು ಕಾಕಾ ನಿಧಾನವಾಗಿ. ‘ಟೈಮರ್ ಸುಳ್ಳಲ್ಲ. ಯಾರೋ ಅವನ ಮಾತು ನುಂಗ್ಲಿಕ್ಕತ್ತಾರ ರಂಜನಾ.’

ಯಾರು? ಪರೀಕ್ಷೆಗೆ ಹತ್ತು ದಿನ ಉಳಿದಿತ್ತು. ಕಾಕಾ ಊಟದ ಡಬ್ಬಿ ತೆರೆದು ಹಾಗೇ ಮುಚ್ಚುತ್ತಿದ್ದರು.

ಕಳ್ಳ ಸಿಕ್ಕಿದ್ದು ಪೆಂಡ್ಸೆ ಸಾಹೇಬರ ಕಿರಿಕಿರಿಯಿಂದ. ಒಂದು ಮಧ್ಯಾಹ್ನ ಅವರು ನನ್ನ ಹತ್ತಿರ ಬಂದು, ಮೂರು ತಿಂಗಳ ಹೊಸ ಕೀಬೋರ್ಡನ್ನು ಅವ್ವಣ್ಣ ಆಗಲೇ ಸವೆಸಿಬಿಟ್ಟಿದ್ದಾರೆ ಎಂದು ಗೊಣಗಿದರು. ಹೋಗಿ ನೋಡಿದೆ. ಎಲ್ಲ ಕೀಗಳೂ ಹೊಸದಾಗಿಯೇ ಇವೆ, ಎಡ ಮೂಲೆಯದೊಂದು ಮಾತ್ರ ಅಕ್ಷರವೆಲ್ಲ ಅಳಿಸಿ, ಬೋಳುತಲೆಯ ಹಾಗೆ ಹೊಳೆಯುತ್ತಿದೆ.

‘ಕಾಕಾ, ಕಂಟ್ರೋಲ್ ಕೀ ಇಷ್ಟ್ಯಾಕ ಒತ್ತೀರಿ?’

‘ನಾ? ಒತ್ತಂಗೇ ಇಲ್ಲ. ಅದು ಸಾಹೇಬನ ಬಾಯಿ ಮುಚ್ಚಿಸೋ ಕೀ. ಹೋಲ್ಡಿನ ಹೊತ್ತಿಗೆ ಅದನ್ನ ಯಾಕ ಮುಟ್ಲಿ?’

ಅಷ್ಟರಲ್ಲಿ ಒಂದು ಫೋನ್ ಬಂತು. ಕಾಕಾ ಹೋಲ್ಡಿನಲ್ಲಿಟ್ಟರು. ಆ ಹೋಲ್ಡ್ ಟ್ಯೂನು ಆಪರೇಟರನ ಒಂದು ಕಿವಿಗೆ ಸಣ್ಣಗೆ ಕೇಳಿಸುತ್ತಿತ್ತು. ನನ್ನ ಕಣ್ಣೆದುರೇ ಕಾಕಾನ ಎಡಗೈ ಕಿರುಬೆರಳು ಎದ್ದಿತು. ಎದ್ದು ಆ ಬೋಳು ಕೀ ಮೇಲೆ ಟಕ್, ಟಕ್, ಟಕ್ ಎಂದು ತಾಳ ಹಾಕಲು ಶುರುಮಾಡಿತು. ಬೇರೆ ಯಾವ ಕೀ ಒತ್ತಿದರೂ ಏನಾದರೂ ಅನಾಹುತ ಆಗುತ್ತದೆ, ಇದೊಂದನ್ನು ಒತ್ತಿದರೆ ಏನೂ ಆಗುವುದಿಲ್ಲ ಎಂದು ಬೆರಳು ತಾನೇ ಕಂಡುಕೊಂಡಿತ್ತು. ನಲವತ್ತೈದಕ್ಕೆ ಸಾಹೇಬ ‘ಹೋ’ ಎನ್ನುವಷ್ಟರಲ್ಲಿ ಮುಂದಿನ ಏಟು ಬಿದ್ದು ಅವನ ಬಾಯಿ ಮುಚ್ಚುತ್ತಿತ್ತು. ಮನೆಯಲ್ಲಿ ಹೋಲ್ಡ್ ಟ್ಯೂನ್ ಇಲ್ಲ, ಹಾಗಾಗಿ ತಾಳವೂ ಇಲ್ಲ.

ಈ ಬೆರಳು ಕುಣಿಯುವುದನ್ನು ನಾನು ತಿಂಗಳಿಂದ ದಿನಾ ನೋಡುತ್ತಿದ್ದೆ. ಇಬ್ಬರಲ್ಲಿ ಕಣ್ಣಿದ್ದವಳು ನಾನು. ನನಗೆ ನನ್ನ ಮೇಲೇ ಎಷ್ಟು ಸಿಟ್ಟು ಬಂತೆಂದರೆ, ಆ ಬೆರಳನ್ನು ಗಪ್ಪನೆ ಹಿಡಿದುಕೊಂಡೆ. ‘ಇಂವ ನೋಡ್ರಿ ಕಳ್ಳ!’

ಕಾಕಾ ತಮ್ಮ ಬೆರಳನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡಿಕೊಂಡರು. ಆಮೇಲೆ ನಕ್ಕರು ನೋಡಿ, ಹೋಲ್ಡಿನಲ್ಲಿದ್ದ ಆ ಫೋನೂ ಕಡಿದುಹೋಯಿತು.

ಕಳ್ಳ ಸಿಕ್ಕ ಮಾತ್ರಕ್ಕೆ ಕಳ್ಳತನ ನಿಲ್ಲಬೇಕೆಂದೇನಿಲ್ಲ. ಬೆರಳಿಗೆ ದಾರ ಕಟ್ಟಿದೆವು, ಉಂಗುರ ಬೆರಳು ಶುರುಮಾಡಿತು. ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರೆ ಬಲಗೈ ಅಷ್ಟು ದೂರ ನಡೆದುಕೊಂಡು ಬಂತು. ಚಿಕ್ಕಂದಿನಿಂದ ಹಾಕಿದ ಮೂವತ್ತು ವರ್ಷದ ತಾಳ, ಹತ್ತು ದಿನದಲ್ಲಿ ಎಲ್ಲಿ ಹೋಗುತ್ತದೆ? ಕಡೆಗೆ ಕಾಕಾ ಬೇರೆ ಉಪಾಯ ಮಾಡಿದರು. ಕಂಟ್ರೋಲ್ ಕೀಗೆ ಸಾಹೇಬನ ಮಾತು ನಿಲ್ಲುತ್ತದೆ, ಆದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಸದ್ದನ್ನು ಸ್ಕ್ರಿಪ್ಟ್ ನುಡಿಸಿದರೆ ಅದು ನಿಲ್ಲುವುದಿಲ್ಲ. ತಮ್ಮ ಭಜನೆಯ ತಾಳದ ‘ಟಿಣ್’ ಸದ್ದನ್ನೇ ರೆಕಾರ್ಡ್ ಮಾಡಿ ತಂದರು. ನಲವತ್ತೈದಕ್ಕೆ ‘ಟಿಣ್’ ಎಂದಿತು. ಕಾಕಾ ತಲೆದೂಗಿದರು. ಬೆರಳು ಇನ್ನೂ ಹುರುಪಿನಿಂದ ಜೊತೆಗೂಡಿತು. ಅರವತ್ತಕ್ಕೆ ಲೈನು ಕಡಿಯಿತು.

‘ಭಾಳ ಚೊಲೋ ಕೂಡಿತ್ತವಾ, ಅದು ಎಚ್ಚರಿಕೆ ಅನ್ನೋದ ಮರತೆ’ ಎಂದರು.

ನಾನು ಹಲ್ಲು ಕಚ್ಚಿ ಹೇಳಿದೆ: ‘ಯಾವ ತಾಳಕ್ಕೂ ಕೂಡಲಾರದ ಸದ್ದು ಹುಡುಕ್ರಿ. ಕಾಕುನ ದನಿ ಹಾಕ್ರಿ.’

ಭಾನುವಾರ ದೇಹೂ ರೋಡಿಗೆ ಹೋದೆ. ಕಾಕುವನ್ನು ಮೈಕಿನ ಮುಂದೆ ಕೂರಿಸಿ, ‘ಏನ್ರೀ, ಫೋನ್ ಎತ್ರಿ ಅಂತ ಜೋರಾಗಿ ಅನ್ರಿ’ ಎಂದೆ. ಅವರು ಸೆರಗು ಸರಿಮಾಡಿಕೊಂಡು, ಕೈ ಜೋಡಿಸಿ, ‘ದಯವಿಟ್ಟು ಫೋನು ಎತ್ತಬೇಕ್ರಿ’ ಎಂದು ಮದುವೆಗೆ ಕರೆಯುವಷ್ಟು ಮೆತ್ತಗೆ ಅಂದರು. ಮೈಕಿಗೆ ಕೇಳಿಸಲಿಲ್ಲ. ಜೋರಾಗಿ ಎಂದರೆ ನಾಚಿಕೊಂಡರು. ಸಿಟ್ಟಿನಿಂದ ಎಂದರೆ ನಕ್ಕರು. ಒಂದೂವರೆ ತಾಸು ಹೀಗೇ ನಡೆಯಿತು. ಸಾಕು ಎಂದು ನಾನು ಚೀಲ ಎತ್ತಿಕೊಂಡೆ. ಕಾಕು ಚಹಾಕ್ಕೆ ಹಾಲು ಇಟ್ಟು ಒಗೆದ ಬಟ್ಟೆ ಹರವಲು ಗ್ಯಾಲರಿಗೆ, ಅಂದರೆ ಬಾಲ್ಕನಿಗೆ, ಹೋದರು. ಮೈಕು ಬಂದ್ ಮಾಡುವುದನ್ನು ಕಾಕಾ, ನಾನು ಇಬ್ಬರೂ ಮರೆತಿದ್ದೆವು. ಆಗ ಗ್ಯಾಲರಿಯಿಂದ, ಆ ಮೆತ್ತಗಿನ ಹೆಂಗಸಿನ ಎದೆಯಿಂದ, ರೈಲಿಗೆ ಕೇಳಿಸುವಂಥ ಕೂಗು ಬಂತು:

‘ಏನ್ರೀ! ಹಾಲು ಉಕ್ಕಲಿಕ್ಕತ್ತದ! ಗ್ಯಾಸ್ ಬಂದ್ ಮಾಡ್ರಿ!’

ಕಾಕಾ ಎದ್ದು ಓಡಲಿಲ್ಲ. ಗಬಕ್ಕನೆ ರೆಕಾರ್ಡಿಂಗ್ ನಿಲ್ಲಿಸಿ, ‘ಸಿಕ್ತು!’ ಎಂದರು. ಹಾಲು ಅಷ್ಟೂ ಒಲೆಯ ಪಾಲಾಯಿತು.

ಮರುದಿನದಿಂದ ಆಫೀಸಿನಲ್ಲಿ, ಕಾಕಾನ ಕಿವಿಯೊಳಗೆ, ದಿನಕ್ಕೆ ಮೂವತ್ತು ಸಲ ಹಾಲು ಉಕ್ಕಿತು. ಪ್ರತಿ ಸಲವೂ ಅವರು ಬೆಚ್ಚಿಬಿದ್ದು ಫೋನ್ ಎತ್ತಿದರು. ಬೆರಳು ತನ್ನ ಪಾಡಿಗೆ ತಾಳ ಹಾಕುತ್ತಿತ್ತು, ಹಾಕಲಿ. ಒಂದು ಲೈನೂ ಕಡಿಯಲಿಲ್ಲ.

ಪರೀಕ್ಷೆಯ ದಿನ ಮುಂಬಯಿಯಿಂದ ರಾವ್ ಸಾಹೇಬರು ಬಂದರು. ಬಿಳಿ ಶರ್ಟು, ನಗದ ಮುಖ, ಅಚ್ಚ ಮರಾಠಿ. ಕಾಕಾನ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಮೇಲಿನ ಮಹಡಿಯಿಂದ ಇಪ್ಪತ್ತು ಫೋನು ಒಂದಾದ ಮೇಲೊಂದು ಬರಬೇಕು. ಶುರುವಾಗುವ ಮುಂಚೆ ರಾವ್ ಸಾಹೇಬರು ಕಿವಿಯ ವೈರನ್ನು ನೋಡಿ, ಕಂಪ್ಯೂಟರ್ ಇವರಿಗೆ ಏನು ಹೇಳುತ್ತದೋ ಅದು ನನಗೂ ಕೇಳಿಸಲಿ ಎಂದರು. ಪೆಂಡ್ಸೆ ಸಾಹೇಬರು ಉತ್ಸಾಹದಿಂದ ವೈರು ಕಿತ್ತು ಸ್ಪೀಕರ್ ದೊಡ್ಡದು ಮಾಡಿದರು.

ಕಾಕಾನ ಮುಖ ಬಿಳಚಿಕೊಂಡಿತು. ‘ರಂಜನಾ, ಆಕಿ ಈಗ ಎಲ್ಲಾರ ಮುಂದ ಕೂಗ್ತಾಳ’ ಎಂದರು ಪಿಸುಮಾತಿನಲ್ಲಿ. ‘ಕೂಗ್ಲಿ ಬಿಡ್ರಿ, ಇವ್ರಿಗೇನ್ ಕನ್ನಡ ತಿಳೀತದ?’ ಎಂದೆ ನಾನು. 

ಆರು ಫೋನು ಸಲೀಸಾಗಿ ಮುಗಿದವು, ನಲವತ್ತೈದು ಮುಟ್ಟುವ ಮೊದಲೇ. ಏಳನೆಯದನ್ನು ಹೋಲ್ಡಿನಲ್ಲಿಟ್ಟಾಗಲೇ ಎಂಟು, ಒಂಬತ್ತು ಒಟ್ಟಿಗೆ ಬಂದವು. ಕಾಕಾ ಅತ್ತ ತಿರುಗಿದರು. ಸೆಕೆಂಡುಗಳು ಓಡಿದವು. ನಂಬರು ಕೆಂಪಗಾಯಿತು, ನಾನು ಕಣ್ಣು ಮುಚ್ಚಿಕೊಂಡೆ.

‘ಏನ್ರೀ! ಹಾಲು ಉಕ್ಕಲಿಕ್ಕತ್ತದ! ಗ್ಯಾಸ್ ಬಂದ್ ಮಾಡ್ರಿ!’

ಪೆಂಡ್ಸೆ ಸಾಹೇಬರು ವೋಲ್ಟೇಜ್ ಬೋರ್ಡಿನ ಕಡೆ ನೋಡಿದರು. ಆದರೆ ರಾವ್ ಸಾಹೇಬರು ಕುರ್ಚಿ ಹಿಂದಕ್ಕೆ ಬೀಳುವಂತೆ ಜಿಗಿದು ಎದ್ದು, ‘ಅಯ್ಯೋ ದೇವರೇ, ಒಲೆ ಎಲ್ಲುಂಟು? ಆಫ್ ಮಾಡಿ ಮಾರಾಯ್ರೆ!’ ಎಂದು ಚಹಾ ಮಾಡುವ ಕೋಣೆಗೆ ಓಡಿದರು. ಅಲ್ಲಿ ಒಲೆಯೂ ಇರಲಿಲ್ಲ, ಹಾಲೂ ಇರಲಿಲ್ಲ, ಚಹಾದ ಫ್ಲಾಸ್ಕ್ ಒಂದಿತ್ತು. ಅದರ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ವಾಪಸ್ ಬಂದರು.

ಅಷ್ಟು ಹೊತ್ತಿಗೆ ಕಾಕಾ ಏಳನೆಯ ಫೋನ್ ಎತ್ತಿ, ಕಾಯಿಸಿದ್ದಕ್ಕೆ ಕ್ಷಮೆ ಕೇಳಿ, ಮಾತು ಮುಗಿಸಿ ಎಂಟನೆಯದಕ್ಕೆ ಹೋಗಿದ್ದರು. ಸುತ್ತ ಏನಾಗುತ್ತಿದೆ ಎಂದು ಅವರು ತಲೆ ಕೂಡ ತಿರುಗಿಸಲಿಲ್ಲ. ಇಪ್ಪತ್ತೂ ಫೋನು ಮುಗಿದವು. ಕಡಿದದ್ದು ಒಂದೂ ಇಲ್ಲ.

ರಾವ್ ಸಾಹೇಬರ ಪೂರ್ತಿ ಹೆಸರು ಸುಬ್ಬಯ್ಯ ರಾವ್. ಉಡುಪಿಯ ಕಡೆಯವರು. ಮನೆಯವರದು ದಾದರಿನಲ್ಲಿ ಹೋಟೆಲು. ಹಾಲಿನ ಹಂಡೆಯ ಪಕ್ಕವೇ ಕೂತು ಓದಿ ಬೆಳೆದವರು. ‘ಎಷ್ಟು ವರ್ಷ ಆಯ್ತು ಮಾರಾಯ್ರೆ’ ಎಂದರು, ಬಿದ್ದ ಕುರ್ಚಿ ಎತ್ತಿ ಕೂರುತ್ತ. ‘ನಮ್ಮ ಅಮ್ಮ ಹೀಗೇ ಕೂಗುತ್ತಿದ್ದದ್ದು. ಇಲ್ಲಿ ಯಾರು ಕೂಗಿದ್ದು?’ ಕಾಕಾ ಎಲ್ಲ ಹೇಳಿದರು, ಸೊನ್ನೆಯಿಂದ ಹಿಡಿದು ಬೆರಳಿನವರೆಗೆ. ನಗದ ಮುಖದವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಪೆಂಡ್ಸೆ ಸಾಹೇಬರಿಗೆ ಮರಾಠಿಯಲ್ಲಿ, ಇವರು ಈ ಕುರ್ಚಿಯಿಂದ ಎಲ್ಲಿಗೂ ಹೋಗುವುದಿಲ್ಲ ಎಂದರು. ಕಾಕಾನ ಕಡೆ ತಿರುಗಿ ಕನ್ನಡದಲ್ಲಿ, ‘ಇನ್ನೊಂದು ಸಲ ಯಾರನ್ನಾದರೂ ಹೋಲ್ಡಿನಲ್ಲಿ ಇಡಿ’ ಎಂದರು. ಇಟ್ಟೆವು. ಮೂವರೂ ನಲವತ್ತೈದು ಸೆಕೆಂಡು ಕಾದೆವು.

ಸಂಜೆ ನಾನೂ ದೇಹೂ ರೋಡಿಗೆ ಹೋದೆ. ಕಾಕಾ ಚಪ್ಪಲಿ ಬಿಡುವ ಮೊದಲೇ ಕಥೆ ಶುರುಮಾಡಿದರು. ಸಾಹೇಬರುಗಳೆಲ್ಲ ತಮ್ಮ ಕೂಗು ಕೇಳಿದರೆಂದು ಕಾಕು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಕುರ್ಚಿ ಉಳಿಯಿತು ಎಂದು ಕೇಳಿದ ಮೇಲೆ ಸೆರಗು ತೆಗೆದು ದೇವರಿಗೆ ಕೈ ಮುಗಿದರು. ಆಮೇಲೆ ಎಂದಿನ ಮೆತ್ತಗಿನ ದನಿಯಲ್ಲಿ ಕೇಳಿದರು:

‘ಅಲ್ರೀ, ಅಲ್ಲಿ ನನ್ನ ದನಿ ಕೇಳಿದ ಕೂಡ್ಲೇ ಕೈ ಮುಂದ ಬರ್ತದಲ್ಲ? ಇಲ್ಲಿ ಹದಿನಾರು ವರ್ಷ ಆತು ಕೂಗ್ಲಿಕ್ಕತ್ತು. ಒಂದ್ ಸಲರ ಎದ್ದು ಗ್ಯಾಸ್ ಬಂದ್ ಮಾಡೀರೇನು?’

ಯಾವ ಊರಿನ ಫೋನಿಗೂ ಉತ್ತರ ಇದ್ದ ಅವ್ವಣ್ಣ ಕಾಕಾ ಬಗ್ಗಿ, ಇನ್ನೂ ಬಿಡದ ಚಪ್ಪಲಿಯನ್ನು ಆಗ ಬಿಟ್ಟರು.

ಮುಂದಿನ ಭಾನುವಾರ ಊಟಕ್ಕೆ ಕರೆದಿದ್ದರು. ಕಾಕಾ ಹೊಸ ಭಜನೆಯೊಂದನ್ನು ನನಗೆ ಹಾಡಿ ಕೇಳಿಸುತ್ತ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಕಾಕು ಗ್ಯಾಲರಿಯಲ್ಲಿ ಬಟ್ಟೆ ಹರವುತ್ತಿದ್ದರು. ಎರಡನೆಯ ಹಾಡಿನ ನಡುವೆ ಕಾಕಾ ತಟ್ಟನೆ ನಿಲ್ಲಿಸಿ, ಎದ್ದು, ಗೋಡೆ ಹಿಡಿದು ಅಡುಗೆಮನೆಗೆ ಹೋಗಿ ಗ್ಯಾಸ್ ಬಂದ್ ಮಾಡಿದರು. ನಾನು ಹಿಂದೆಯೇ ಹೋಗಿ ನೋಡಿದೆ. ಹಾಲು ಪಾತ್ರೆಯ ಅಂಚಿಗೆ ಬಂದು ನಿಂತಿತ್ತು.

‘ಹೆಂಗ ಗೊತ್ತಾತ್ರಿ?’

‘ಒಂದು ಲೀಟರ್, ಸಣ್ಣ ಉರಿ. ಒಂದೂವರೆ ಹಾಡು’ ಎಂದರು. ‘ವಾರ ಆತು ಎಣಸ್ಲಿಕ್ಕತ್ತು.’

ಒದ್ದೆ ಕೈಯಲ್ಲೇ ಓಡಿ ಬಂದ ಕಾಕು ಬಾಗಿಲಲ್ಲಿ ನಿಂತರು. ಕೂಗಲು ತೆರೆದ ಬಾಯಿ ಹಾಗೇ ಇತ್ತು. ಪಾತ್ರೆ ನೋಡಿದರು, ಗಂಡನನ್ನು ನೋಡಿದರು, ಚಹಾಕ್ಕೆ ಸಕ್ಕರೆ ಹಾಕಿದರು. ನಾನು ಆ ಕಂಪನಿ ಬಿಡುವವರೆಗೆ, ಇನ್ನೂ ನಾಲ್ಕು ವರ್ಷ, ಕಲ್ಲವ್ವ ಕಾಕು ಕೂಗಿದ್ದು ಆಫೀಸಿನಲ್ಲಿ ಮಾತ್ರ.